ಹತ್ತು ವರ್ಷ ನಂಬಿ ಕೂರಬಹುದಾದ ಕ್ವಾರ್ಟರ್‌ಬ್ಯಾಕ್ ಯಾರು?

ಪ್ರಶ್ನೆ: ನಾವಿರುವುದು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ನಮ್ಮ ಯಜಮಾನರು, ಮಗ ಇಬ್ಬರೂ ಕೌಬಾಯ್ಸ್ ಅನ್ನುವ ಅಮೆರಿಕನ್ ಫುಟ್‌ಬಾಲ್ ತಂಡದ ಭಕ್ತರು. ಭಾನುವಾರ ಬಂತೆಂದರೆ ಒಂದೇ ಜಗಳ. ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸಿ ಬಾಲ್ ಎಸೆಯುವ ಡ್ಯಾಕ್ ಪ್ರೆಸ್ಕಾಟ್‌ಗೆ ವರ್ಷಕ್ಕೆ 6 ಕೋಟಿ ಡಾಲರ್ ಕೊಟ್ಟಿದ್ದು ಸರಿ ಅಂತ ಅಪ್ಪ, ದುಡ್ಡು ದಂಡ ಅಂತ ಮಗ. ನನಗೆ ಆಟ ಅಷ್ಟಿಷ್ಟು ಅರ್ಥವಾಗುತ್ತದೆ. ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ನಂಬಿ ಹತ್ತು ವರ್ಷಕ್ಕೆ ತಂಡ ಕಟ್ಟಬಹುದು ಅಂತ ಹೇಗೆ ಗೊತ್ತಾಗುತ್ತದೆ? ಕೈಯಲ್ಲಿ ಬಲ ಇದ್ದರೆ ಸಾಕಾ?
— ಒಬ್ಬ ಓದುಗರು, ಪ್ಲೇನೋ, ಟೆಕ್ಸಸ್

ಉತ್ತರ: ಕೈಬಲ ಸಾಕಾಗಿದ್ದರೆ ಈ ಕೆಲಸ ಬಹಳ ಸುಲಭವಾಗಿರುತ್ತಿತ್ತು ಮೇಡಂ. ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಮುಂಚೆ ಪ್ರತಿ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರನ್ನು ಓಡಿಸಿ, ಬಾಲ್ ಎಸೆಯಲು ಹೇಳಿ, ಅಂಗೈ ಅಗಲ ಕೂಡ ಅಳೆದು ನೋಡುತ್ತಾರೆ. ಅಷ್ಟು ಅಳೆದ ಮೇಲೂ ಎಡವುತ್ತಾರೆ. 2000ರಲ್ಲಿ ಟಾಮ್ ಬ್ರೇಡಿ 40 ಗಜ ಓಡಲು 5.28 ಸೆಕೆಂಡ್ ತೆಗೆದುಕೊಂಡರು. ನೋಡಿದವರಿಗೆ ನಗು ಬಂದಿರಬೇಕು. 198 ಜನರನ್ನು ಆರಿಸಿ ಮುಗಿದ ಮೇಲೆ ಅವರ ಹೆಸರು ಬಂತು. ಆಮೇಲೆ ಅವರು ಗೆದ್ದಿದ್ದು 7 ಸೂಪರ್ ಬೌಲ್, ಅಂದರೆ ಸೀಸನ್ನಿನ ಫೈನಲ್.

ಹಾಗಾದರೆ ನೋಡಬೇಕಾದ್ದು ಏನನ್ನು? ಮೊದಲು ಅವನ ಕೆಲಸ ನೋಡಿ. ಒಂದು ಆಟ (ಇಡೀ ಪಂದ್ಯವಲ್ಲ, ಒಂದು ಸಲದ ಪ್ರಯತ್ನ) ಮುಗಿದು ಇನ್ನೊಂದು ಶುರುವಾಗಲು 40 ಸೆಕೆಂಡ್ ಸಮಯ. ಕೋಚ್ ಹೆಲ್ಮೆಟ್‌ನೊಳಗಿನ ರೇಡಿಯೊದಲ್ಲಿ ಆಟದ ಹೆಸರು ಹೇಳುತ್ತಾರೆ. ಅದು ಒಂದು ಪದ ಅಂದುಕೊಳ್ಳಬೇಡಿ, ರೈಲ್ವೆ ಅನೌನ್ಸ್‌ಮೆಂಟ್ ತರಹ ಉದ್ದಕ್ಕೆ ಹೋಗುತ್ತದೆ. ಅದನ್ನು ಒಂದಕ್ಷರ ಬಿಡದೆ ಉಳಿದ 10 ಜನರಿಗೆ ಒಪ್ಪಿಸಬೇಕು. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ರೇಡಿಯೊ ಬಂದ್. ಅಲ್ಲಿಂದ ಮುಂದೆ ಅವನೊಬ್ಬನೇ. ಎದುರು ತಂಡದ ಹಿಂದಿನ ಕಾವಲಿನಲ್ಲಿ ಒಬ್ಬ ನಿಂತಿದ್ದಾನಾ, ಇಬ್ಬರಾ? ಬಾಲ್ ಹಿಡಿಯುವ ನಮ್ಮ ರಿಸೀವರ್‌ನನ್ನು ಆ ಕಡೆಯಿಂದ ಈ ಕಡೆ ನಡೆಸಿದರೆ ಅವರ ಆಟಗಾರ ಹಿಂದೆಯೇ ಬರುತ್ತಾನಾ, ಇದ್ದಲ್ಲೇ ಇರುತ್ತಾನಾ? ಹಿಂದೆಯೇ ಬಂದರೆ ಒಬ್ಬೊಬ್ಬರನ್ನು ಒಬ್ಬೊಬ್ಬರು ಹಿಡಿದುಕೊಂಡಿದ್ದಾರೆ ಅಂತ, ಬರದಿದ್ದರೆ ಜಾಗ ಕಾಯುತ್ತಿದ್ದಾರೆ ಅಂತ. ಇಷ್ಟನ್ನು ಓದಿ, ಬೇಕಿದ್ದರೆ ಇಡೀ ಆಟವನ್ನೇ ಬದಲಿಸಿ ಕೂಗಬೇಕು. ಬಾಲ್ ಕೈಗೆ ಬಂದ ಮೇಲೆ ಸಿಗುವುದು ಸುಮಾರು ಎರಡೂವರೆ ಸೆಕೆಂಡ್. ಅಷ್ಟರಲ್ಲಿ ಮೊದಲನೆಯವನು, ಎರಡನೆಯವನು, ಮೂರನೆಯವನು ಅಂತ ಕಣ್ಣಾಡಿಸಿ ಎಸೆಯಬೇಕು, ಅದೂ 130 ಕೆ.ಜಿ. ತೂಗುವವರು ಮೈಮೇಲೆ ಬರುತ್ತಿರುವಾಗ.

ಇದು ಮೈದಾನದಲ್ಲಿ ಹೇಗಿರುತ್ತದೆ ಅನ್ನುವುದಕ್ಕೆ ನನಗೆ ಯಾವಾಗಲೂ ನೆನಪಾಗುವುದು 2020ರ ಫೆಬ್ರವರಿಯಲ್ಲಿ ಮಯಾಮಿಯಲ್ಲಿ ನಡೆದ ಸೂಪರ್ ಬೌಲ್. ಕಾನ್ಸಸ್ ಸಿಟಿ ಚೀಫ್ಸ್ 10, ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ 20. ಉಳಿದಿದ್ದು 7 ನಿಮಿಷ 13 ಸೆಕೆಂಡ್. ಮೂರನೇ ಡೌನ್, ಅಂದರೆ ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು, ಬಾಲ್ ಉಳಿಸಿಕೊಳ್ಳಲು ಬೇಕಾಗಿದ್ದು 15 ಗಜ. ಪ್ಯಾಟ್ರಿಕ್ ಮಹೋಮ್ಸ್ ಅಷ್ಟೊತ್ತಿಗಾಗಲೇ ಎರಡು ಸಲ ಬಾಲನ್ನು ಎದುರಾಳಿಗಳ ಕೈಗೆ ಕೊಟ್ಟಿದ್ದರು. ಬೇರೆಯವರಾದರೆ ಅಂಥ ಹೊತ್ತಿನಲ್ಲಿ ಸುಮ್ನೆ ಹತ್ತಿರದವನಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಇವರು ಸೈಡ್‌ಲೈನಿಗೆ ಹೋಗಿ ವಾಸ್ಪ್ ಅನ್ನುವ ಆಟ ಆಡಲು ಸಮಯ ಸಿಗುತ್ತದಾ ಅಂತ ತಾವೇ ಕೇಳಿದರು. ಅದು ನಿಧಾನಕ್ಕೆ ಬಿಚ್ಚಿಕೊಳ್ಳುವ ಆಟ, ಮುಂದೆ ನಿಂತು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಲೈನ್‌ನವರು ಜಾಸ್ತಿ ಹೊತ್ತು ತಡೆಯಬೇಕು. ಸಮಯ ಸಾಲದು ಅಂತ ಅನಿಸಿತೋ ಏನೋ, ಮಹೋಮ್ಸ್ ಹಿಂದೆ ಹಿಂದೆ ಹೋಗುತ್ತಲೇ ಇದ್ದರು, ಮುಖದ ಮೇಲೆ ಎದುರಾಳಿ ಬಂದು ಬಿದ್ದ, ಬಾಲ್ ಅಷ್ಟರಲ್ಲಿ ಕೈ ಬಿಟ್ಟಿತ್ತು. ಅತ್ತ ಟೈರೀಕ್ ಹಿಲ್ ಒಬ್ಬರೇ ನಿಂತಿದ್ದರು. 44 ಗಜ. ಪಂದ್ಯ ಮುಗಿದಾಗ ಚೀಫ್ಸ್ 31, ಅವರು ಅದೇ 20.

ಕೈಬಲ ಅಲ್ಲಿ ಬೇಕಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಎರಡು ತಪ್ಪು ಮಾಡಿದ ಮೇಲೂ ತಲೆ ತಣ್ಣಗಿಟ್ಟುಕೊಂಡು ಯಾವ ಆಟ ಬೇಕು ಅಂತ ಕೇಳಿದರಲ್ಲ, ಅದನ್ನು ಇಂಡಿಯಾನಾಪೊಲಿಸ್‌ನಲ್ಲಿ ಯಾರೂ ಅಳೆಯಲಾರರು.

ಈಗ ಎರಡನೇ ಮಾತು. ನನ್ನ ಪ್ರಕಾರ ಇದೇ ದೊಡ್ಡದು, ಟಿವಿಯಲ್ಲಿ ಕೂತು ಮಾತಾಡುವವರು ಇದನ್ನು ಜಾಸ್ತಿ ಹೇಳುವುದಿಲ್ಲ. ಹುಡುಗ ಎಷ್ಟೇ ಚೆನ್ನಾಗಿರಲಿ, ಮೊದಲ ಮೂರು ವರ್ಷ ತಂಡ ಅವನನ್ನು ಹೇಗೆ ನೋಡಿಕೊಂಡಿತು ಅನ್ನುವುದರ ಮೇಲೆ ಅರ್ಧ ತೀರ್ಮಾನ ನಿಂತಿರುತ್ತದೆ. 2018ರ ಡ್ರಾಫ್ಟ್ ತೆಗೆದುಕೊಳ್ಳಿ. ಮೊದಲ ಸುತ್ತಿನಲ್ಲೇ ಐದು ಕ್ವಾರ್ಟರ್‌ಬ್ಯಾಕ್‌ಗಳು ಹೋದರು: ಬೇಕರ್ ಮೇಫೀಲ್ಡ್ ಮೊದಲನೆಯವರು, ಸ್ಯಾಮ್ ಡಾರ್ನಾಲ್ಡ್ ಮೂರನೆಯವರು, ಜಾಶ್ ಆಲನ್ ಏಳನೆಯವರು, ಜಾಶ್ ರೋಸನ್ ಹತ್ತನೆಯವರು, ಕಟ್ಟಕಡೆಗೆ 32ನೆಯವರಾಗಿ ಲಮಾರ್ ಜಾಕ್ಸನ್.

ಆಲನ್‌ಗೆ ಬಲ ರಾಕ್ಷಸರದ್ದು, ಗುರಿ ಮಾತ್ರ ದೇವರಿಗೇ ಪ್ರೀತಿ. ಕ್ಯಾಲಿಫೋರ್ನಿಯಾದ ಫೈರ್‌ಬಾ ಅನ್ನುವ ಸಣ್ಣ ಊರಿನ ರೈತರ ಮಗ. ಹೈಸ್ಕೂಲ್ ಮುಗಿದಾಗ ಯಾವ ದೊಡ್ಡ ಕಾಲೇಜೂ ಕರೆಯಲಿಲ್ಲ. ಬಫಲೋ ಬಿಲ್ಸ್‌ಗೆ ಬಂದ ಮೊದಲ ವರ್ಷ ಎಸೆದ ನೂರರಲ್ಲಿ ಸರಿಯಾಗಿ ಕೈ ಸೇರಿದ್ದು 52.8. ಎರಡನೇ ವರ್ಷ 58.8. ಬೇರೆ ಊರಾಗಿದ್ದರೆ ಅಷ್ಟಕ್ಕೇ ಮೂಟೆ ಕಟ್ಟಿಸುತ್ತಿದ್ದರು. ಬಫಲೋ ಸುಮ್ಮನಿತ್ತು. ಅದೇ ಮುಖ್ಯ ಕೋಚ್, ಅಫೆನ್ಸ್‌ಗೆ (ಬಾಲ್ ತಮ್ಮ ಕೈಯಲ್ಲಿದ್ದಾಗ ಆಡುವ ಪಡೆಗೆ) ಅದೇ ಬ್ರಯನ್ ಡಾಬೋಲ್, ನಾಲ್ಕು ವರ್ಷ ಬದಲಾಯಿಸಲಿಲ್ಲ. ಲೈನ್ ಗಟ್ಟಿ ಮಾಡಿದರು, 2020ರಲ್ಲಿ ಸ್ಟೆಫಾನ್ ಡಿಗ್ಸ್ ಎಂಬ ಒಳ್ಳೆ ರಿಸೀವರ್‌ನನ್ನು ತಂದರು. ಆಲನ್ ಕೂಡ ರಜೆಯಲ್ಲಿ ಕೂತು ತಮ್ಮ ಎಸೆತವನ್ನೇ ಬಿಚ್ಚಿ ಮತ್ತೆ ಜೋಡಿಸಿಕೊಂಡರು. ಆ ವರ್ಷ 69.2. ಮುಂದೆ 2024ರ ಸೀಸನ್‌ನಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರ ಅವರೇ.

ಹತ್ತನೆಯವರಾಗಿ ಹೋದ ರೋಸನ್ ಕಥೆ ಕೇಳಿ. ಅರಿಜೋನಾದಲ್ಲಿ ಸೀಸನ್ ಮಧ್ಯದಲ್ಲೇ ಅಫೆನ್ಸ್ ಕೋಚ್‌ನನ್ನು ತೆಗೆದರು, ವರ್ಷ ಮುಗಿದ ಮೇಲೆ ಮುಖ್ಯ ಕೋಚ್‌ನನ್ನೂ ತೆಗೆದರು, ಹೊಸ ಕೋಚ್ ಬಂದವರೇ ಕೈಲರ್ ಮರ್ರೆಯನ್ನು ಆರಿಸಿ ರೋಸನ್‌ನನ್ನು ಮಯಾಮಿಗೆ ಸಾಗಹಾಕಿದರು. ಒಂದೇ ವರ್ಷ! ಅವರಲ್ಲಿ ಎಷ್ಟು ದಮ್ಮಿತ್ತು ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಡಾರ್ನಾಲ್ಡ್‌ದು ಇನ್ನೂ ಸಂಕಟ. 2019ರ ಅಕ್ಟೋಬರ್‌ನಲ್ಲಿ ಪೇಟ್ರಿಯಟ್ಸ್ ಎದುರು ಅವರ ತಂಡ ಜೆಟ್ಸ್ 33-0ರಿಂದ ಸೋತ ರಾತ್ರಿ ಅವರು ನಾಲ್ಕು ಇಂಟರ್ಸೆಪ್ಷನ್ ಕೊಟ್ಟರು, ಅಂದರೆ ಎಸೆದ ಬಾಲ್ ನಾಲ್ಕು ಸಲ ಎದುರಾಳಿಗಳ ಕೈ ಸೇರಿತು. ಬೆಂಚಿನ ಮೇಲೆ ಕೂತು ‘ದೆವ್ವಗಳು ಕಾಣಿಸುತ್ತಿವೆ’ ಅಂದದ್ದು ಮೈಕಿನಲ್ಲಿ ಸಿಕ್ಕಿಬಿತ್ತು, ದೇಶವೆಲ್ಲ ಕೇಳಿತು. ಇಲ್ಲದ ಕಡೆಯೆಲ್ಲ ಎದುರಾಳಿ ಕಾಣುತ್ತಾನೆ ಅಂತ ಅರ್ಥ. ಲೈನ್ ಸರಿ ಇಲ್ಲದೆ ಪದೇ ಪದೇ ಪೆಟ್ಟು ತಿಂದವನಿಗೆ ಕಾಣದೆ ಇರುತ್ತದಾ? 2021ರಲ್ಲಿ ಜೆಟ್ಸ್ ಅವರನ್ನು ಕೈಬಿಟ್ಟಿತು. ಅದೇ ಡಾರ್ನಾಲ್ಡ್ 2024ರಲ್ಲಿ ಮಿನೆಸೋಟಾ ವೈಕಿಂಗ್ಸ್‌ಗೆ ಹೋದರು. ಒಳ್ಳೆ ಕೋಚ್, ಜಸ್ಟಿನ್ ಜೆಫರ್ಸನ್‌ರಂಥ ರಿಸೀವರ್. 17ರಲ್ಲಿ 14 ಗೆದ್ದರು. ಮೇಫೀಲ್ಡ್ ಕ್ಲೀವ್‌ಲ್ಯಾಂಡ್‌ನಲ್ಲಿ ನಾಲ್ಕು ವರ್ಷಕ್ಕೆ ನಾಲ್ಕು ಕೋಚ್‌ಗಳನ್ನು ನೋಡಿದರು, ಹೊರಬಿದ್ದರು, ಕೊನೆಗೆ ಟ್ಯಾಂಪಾದಲ್ಲಿ ನೆಲೆ ಸಿಕ್ಕಿತು. ಅವರ ಜಾಗಕ್ಕೆ ಕ್ಲೀವ್‌ಲ್ಯಾಂಡ್ ತಂದಿದ್ದು ಡೆಶಾನ್ ವಾಟ್ಸನ್‌ರನ್ನು, ಮೊದಲ ಸುತ್ತಿನ ಮೂರು ಆಯ್ಕೆಗಳ ಜೊತೆಗೆ 23 ಕೋಟಿ ಡಾಲರ್ ಪೂರ್ತಿ ಗ್ಯಾರಂಟಿ ಕೊಟ್ಟು. ಅದರ ಬಗ್ಗೆ ಕ್ಲೀವ್‌ಲ್ಯಾಂಡ್‌ನವರ ಎದುರು ಮಾತೆತ್ತಬೇಡಿ.

ಲಮಾರ್‌ಗೆ ಮಾತ್ರ ಬಾಲ್ಟಿಮೋರ್ ಇಡೀ ಅಫೆನ್ಸನ್ನೇ ಬದಲಿಸಿ ಬರೆಯಿತು. ಆತ ಓಡುತ್ತಾನಾ, ಸರಿ, ಓಡುವ ಹುಡುಗನಿಗೆ ಒಪ್ಪುವ ಆಟವನ್ನೇ ಕಟ್ಟೋಣ ಅಂತ. ಎರಡನೇ ವರ್ಷವೇ ಲೀಗಿನ ಅತ್ಯುತ್ತಮ ಆಟಗಾರ, ಆಮೇಲೆ 2023ರಲ್ಲಿ ಇನ್ನೊಮ್ಮೆ.

ಇನ್ನು ನಿಮ್ಮ ಪ್ರಶ್ನೆಯ ಮೂಲಕ್ಕೆ ಬರುತ್ತೇನೆ. ನಂಬಬಹುದಾ ಇಲ್ಲವಾ ಅನ್ನುವುದಕ್ಕೆ ನಾನು ನೋಡುವುದು ಒಂದನ್ನೇ. ಸುತ್ತಲಿನವರು ಬದಲಾದಾಗ ಆಟ ನಡೆಯುತ್ತದಾ? 2022ರಲ್ಲಿ ಚೀಫ್ಸ್ ಅದೇ ಟೈರೀಕ್ ಹಿಲ್‌ರನ್ನು ಮಯಾಮಿಗೆ ಕೊಟ್ಟುಬಿಟ್ಟಿತು. ಮಹೋಮ್ಸ್ ಕಥೆ ಮುಗಿಯಿತು ಅಂತ ಬರೆದವರಿದ್ದರು. ಆ ವರ್ಷ ಅವರು ಎಸೆದದ್ದು 5,250 ಗಜ, 41 ಟಚ್‌ಡೌನ್ (ಬಾಲ್ ಎದುರಾಳಿಯ ಕೊನೆಯ ಗೆರೆ ದಾಟಿದ್ದು), ಮೇಲೆ ಸೂಪರ್ ಬೌಲ್. ಇದಕ್ಕೂ ಮಿತಿ ಇದೆ ಅನ್ನಿ. 2021ರ ಸೂಪರ್ ಬೌಲ್‌ನಲ್ಲಿ ಲೈನಿನ ಎರಡೂ ತುದಿಯ ಆಟಗಾರರು ಗಾಯಗೊಂಡು ಹೊರಗಿದ್ದರು, ಮಹೋಮ್ಸ್ ಪ್ರಾಣ ಉಳಿಸಿಕೊಳ್ಳಲು ಓಡಿದ್ದೇ ಓಡಿದ್ದು. ಒಂದು ಟಚ್‌ಡೌನ್ ಕೂಡ ಬರಲಿಲ್ಲ, 31-9 ಸೋಲು. ರಿಸೀವರ್ ಬದಲಾದರೆ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಸುಧಾರಿಸಿಕೊಳ್ಳುತ್ತಾನೆ, ಲೈನ್ ಇಲ್ಲದಿದ್ದರೆ ಯಾರೂ ಸುಧಾರಿಸಿಕೊಳ್ಳಲಾರರು. ಚೀಫ್ಸ್‌ನವರು ಮುಂದಿನ ಸೀಸನ್ನಿಗೇ ಲೈನ್ ಪೂರ್ತಿ ಹೊಸದು ಮಾಡಿದರು ನೋಡಿ, ಅದನ್ನು ಬುದ್ಧಿ ಅನ್ನಬೇಕು.

ನಿಮ್ಮ ಮನೆ ಪಂಚಾಯ್ತಿಗೆ ನನ್ನ ತೀರ್ಪು: ಕೊಟ್ಟಿದ್ದು ಸರಿ, ಕೊಟ್ಟ ಹೊತ್ತು ತಪ್ಪು. ಡ್ಯಾಕ್ 2016ರಲ್ಲಿ ನಾಲ್ಕನೇ ಸುತ್ತಿನಲ್ಲಿ ಬಂದವರು, ಟೋನಿ ರೋಮೊ ಗಾಯಗೊಂಡಿದ್ದರಿಂದ ಅವಕಾಶ ಸಿಕ್ಕಿತು, ಮೊದಲ ವರ್ಷವೇ 13 ಗೆದ್ದುಕೊಟ್ಟರು. ಅಂಥವರನ್ನು ಬಿಟ್ಟು ಹೊಸಬನನ್ನು ಹುಡುಕುವುದು ಲಾಟರಿ. ಆದರೆ ಮಾಲೀಕರು ಎಳೆದರು, ಎಳೆದರು, 2024ರ ಸೀಸನ್ನಿನ ಮೊದಲ ಪಂದ್ಯದ ದಿನ ಬೆಳಿಗ್ಗೆ ಒಪ್ಪಂದ ಮಾಡಿದರು. ಅಷ್ಟೊತ್ತಿಗೆ ಜುಟ್ಟು ಡ್ಯಾಕ್ ಕೈಯಲ್ಲಿತ್ತು. ಹಳೆಯ ಕಾಂಟ್ರ್ಯಾಕ್ಟ್ ಪ್ರಕಾರ ಅವರನ್ನು ಬೇರೆ ತಂಡಕ್ಕೆ ಕಳಿಸುವಂತಿಲ್ಲ, ಬಲವಂತವಾಗಿ ಇನ್ನೊಂದು ವರ್ಷ ಇಟ್ಟುಕೊಳ್ಳುವಂತೆಯೂ ಇರಲಿಲ್ಲ. ಮಗನ ಮಾತಿನಲ್ಲೂ ಹುರುಳಿದೆ, 2023ರವರೆಗೆ ಡ್ಯಾಕ್ ಆಡಿದ ಪ್ಲೇಆಫ್ (ನಾಕೌಟ್) ಪಂದ್ಯಗಳು 7, ಗೆದ್ದದ್ದು 2.

ಪ್ರಶ್ನೆ: ಒಬ್ಬನಿಗೇ ಅಷ್ಟು ಕೊಟ್ಟರೆ ಉಳಿದವರಿಗೆ ಏನು ಉಳಿಯುತ್ತದೆ? ಮಾಲೀಕರ ಹತ್ತಿರ ದುಡ್ಡಿಗೇನೂ ಕೊರತೆ ಇಲ್ವಲ್ಲ?
— ಒಬ್ಬ ಓದುಗರು, ಜಯನಗರ, ಬೆಂಗಳೂರು

ಉತ್ತರ: ದುಡ್ಡಿದೆ, ಖರ್ಚು ಮಾಡುವ ಹಾಗಿಲ್ಲ. ಎಲ್ಲ 32 ತಂಡಗಳಿಗೂ ಸಂಬಳಕ್ಕೆ ಒಂದೇ ಮಿತಿ. 2025ರಲ್ಲಿ ಅದು 27.92 ಕೋಟಿ ಡಾಲರ್. 53 ಆಟಗಾರರು ಇಷ್ಟರಲ್ಲೇ ಬರಬೇಕು. ಲೆಕ್ಕದವರು ಬೋನಸ್ ಅನ್ನು ವರ್ಷಗಳ ಮೇಲೆ ಹರಡಿ ಏನೇನೋ ಕಸರತ್ತು ಮಾಡುತ್ತಾರೆ, ಆದರೂ ಸಾಲ ಸಾಲವೇ, ಒಂದಲ್ಲ ಒಂದು ದಿನ ಬಾಗಿಲಿಗೆ ಬರುತ್ತದೆ.

ಅದಕ್ಕೇ ತಂಡಗಳಿಗೆ ಹೊಸ ಹುಡುಗರ ಮೇಲೆ ಅಷ್ಟು ಆಸೆ. 2010ರಲ್ಲಿ ಮೊದಲ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಕೊಟ್ಟಿದ್ದರು. 2011ರಲ್ಲಿ ನಿಯಮ ಬದಲಾಯಿತು, ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು 2.2 ಕೋಟಿ. ಇನ್ನೂ ಮಜಾ ಅಂದರೆ ಬ್ರಾಕ್ ಪರ್ಡಿ. 2022ರ ಡ್ರಾಫ್ಟ್‌ನಲ್ಲಿ ಕಟ್ಟಕಡೆಯ ಹೆಸರು, 262ನೆಯದು. ವರ್ಷಕ್ಕೆ 10 ಲಕ್ಷ ಡಾಲರ್ ಕೂಡ ಇಲ್ಲದ ಸಂಬಳದಲ್ಲಿ ಫಾರ್ಟಿನೈನರ್ಸ್‌ನ್ನು ಸೂಪರ್ ಬೌಲ್‌ವರೆಗೆ ಕರೆದುಕೊಂಡು ಹೋದರು. ಉಳಿದ ದುಡ್ಡೆಲ್ಲ ದೊಡ್ಡ ಆಟಗಾರರಿಗೆ ಹೋಗಿತ್ತು. 2025ರಲ್ಲಿ ಪರ್ಡಿಗೆ ಐದು ವರ್ಷಕ್ಕೆ 26.5 ಕೋಟಿ. ಈಗ ಅಗ್ಗದ ಕಾಲ ಮುಗಿಯಿತು, ಸುತ್ತ ದುಬಾರಿ ಆಟಗಾರರ ದಂಡು ಇರುವುದಿಲ್ಲ. ಅವರು ನಿಜಕ್ಕೂ ಎಂಥವರು ಅಂತ ಗೊತ್ತಾಗುವುದು ಈ ಕಾಂಟ್ರ್ಯಾಕ್ಟಿನಲ್ಲಿ.

ಇದರಲ್ಲಿ ಕೈ ಸುಟ್ಟುಕೊಂಡವರೂ ಇದ್ದಾರೆ. ನ್ಯೂಯಾರ್ಕ್ ಜೈಂಟ್ಸ್ ಒಂದು ಒಳ್ಳೆ ವರ್ಷ ನೋಡಿ 2023ರ ಮಾರ್ಚ್‌ನಲ್ಲಿ ಡೇನಿಯಲ್ ಜೋನ್ಸ್‌ಗೆ ನಾಲ್ಕು ವರ್ಷಕ್ಕೆ 16 ಕೋಟಿ ಬರೆದುಕೊಟ್ಟಿತು. 2024ರ ನವೆಂಬರ್‌ನಲ್ಲಿ ಅದೇ ತಂಡ ಅವರನ್ನು ಬಿಡುಗಡೆ ಮಾಡಿತು. ಹಿಂದಿನ ಮೂರು ವರ್ಷ ಏನು ಹೇಳುತ್ತಿತ್ತು ಅಂತಲೂ ನೋಡಬೇಕಿತ್ತು.

ಪ್ರಶ್ನೆ: ಹೊಸ ಹುಡುಗನನ್ನು ಬಂದ ವರ್ಷವೇ ಇಳಿಸುವುದು ಒಳ್ಳೆಯದಾ, ಕೂರಿಸಿ ಕಲಿಸುವುದಾ?
— ಒಬ್ಬ ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಕೂರಿಸುವುದಕ್ಕೆ ಗ್ರೀನ್ ಬೇ ಪ್ಯಾಕರ್ಸ್ ಹೆಸರುವಾಸಿ. ಏರನ್ ರಾಜರ್ಸ್ 2005ರಲ್ಲಿ ಬಂದು ಬ್ರೆಟ್ ಫಾವ್ ಹಿಂದೆ ಮೂರು ವರ್ಷ ಕೂತರು. ಜಾರ್ಡನ್ ಲವ್ 2020ರಲ್ಲಿ ಬಂದು ಅದೇ ರಾಜರ್ಸ್ ಹಿಂದೆ ಮೂರು ವರ್ಷ ಕೂತರು. ಮಹೋಮ್ಸ್ ಕೂಡ ಮೊದಲ ವರ್ಷ ಅಲೆಕ್ಸ್ ಸ್ಮಿತ್ ಹಿಂದೆ ಕೂತು, ಒಂದೇ ಪಂದ್ಯ ಶುರು ಮಾಡಿದ್ದು.

ಆದರೆ ಇಳಿಸಿದವರಲ್ಲೂ ಚಿನ್ನ ಇದೆ. ಪೇಟನ್ ಮ್ಯಾನಿಂಗ್ 1998ರಲ್ಲಿ ಬಂದವರೇ 28 ಇಂಟರ್ಸೆಪ್ಷನ್ ಕೊಟ್ಟರು, ತಂಡ ಗೆದ್ದಿದ್ದು ಮೂರೇ ಪಂದ್ಯ. ಮರುವರ್ಷ 13 ಗೆದ್ದರು. ಮೇಲಿನ ಪ್ಲೇನೋ ಓದುಗರ ಮನೆಯವರು ಮೆಚ್ಚುವ ಕೌಬಾಯ್ಸ್‌ನ ಟ್ರಾಯ್ ಏಕ್‌ಮನ್ ಅಂತೂ 1989ರಲ್ಲಿ ಶುರು ಮಾಡಿದ 11 ಪಂದ್ಯಗಳನ್ನೂ ಸೋತರು, ಆಮೇಲೆ ಮೂರು ಸೂಪರ್ ಬೌಲ್ ತಂದರು. ನನ್ನನ್ನು ಕೇಳಿದರೆ ಮೊದಲ ವರ್ಷದ ಸೋಲು ಲೆಕ್ಕಕ್ಕಿಲ್ಲ, ಅದೇ ತಪ್ಪನ್ನು ಎರಡನೇ ವರ್ಷವೂ ಮಾಡುತ್ತಾನಾ ಅನ್ನುವುದು ಲೆಕ್ಕ. ಲೈನ್ ಹರಿದುಹೋಗಿರುವ ತಂಡ ಮಾತ್ರ ದಯವಿಟ್ಟು ಹುಡುಗನನ್ನು ಕೂರಿಸಬೇಕು. ಪೆಟ್ಟು ತಿಂದು ಹೆದರಿಕೆ ಒಮ್ಮೆ ಕಣ್ಣಿಗೆ ಹತ್ತಿದರೆ ಬಿಡಿಸುವುದು ಕಷ್ಟ.

ಪ್ರಶ್ನೆ: ಎತ್ತರ ಮುಖ್ಯ ಅಲ್ವಾ?
— ಒಬ್ಬ ಓದುಗರು, ಹಾಸನ

ಉತ್ತರ: ಇದ್ದರೆ ಅನುಕೂಲ. ಡ್ರೂ ಬ್ರೀಸ್ ಆರಡಿ, ರಸೆಲ್ ವಿಲ್ಸನ್ ಅದಕ್ಕಿಂತ ಒಂದಿಂಚು ಕಡಿಮೆ. ಇಬ್ಬರೂ ಸೂಪರ್ ಬೌಲ್ ಗೆದ್ದಿದ್ದಾರೆ.

ಪ್ರಶ್ನೆ: ದೊಡ್ಡ ಕ್ವಾರ್ಟರ್‌ಬ್ಯಾಕ್ ಇಲ್ಲದೆ ಗೆಲ್ಲಲು ಸಾಧ್ಯವೇ ಇಲ್ವಾ? ನಮ್ಮ ಕ್ರಿಕೆಟ್‌ನಲ್ಲಿ ಬೌಲರ್‌ಗಳೇ ಪಂದ್ಯ ಗೆದ್ದುಕೊಡುವುದಿಲ್ವಾ?
— ಒಬ್ಬ ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಸಾಧ್ಯ ಇದೆ ಸರ್. 2000ರ ಸೀಸನ್‌ನಲ್ಲಿ ಬಾಲ್ಟಿಮೋರ್ ರೇವನ್ಸ್ ಬರೀ ಡಿಫೆನ್ಸ್ ಬಲದಿಂದ ಗೆದ್ದಿತು. ಅವರ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಡಿಲ್ಫರ್, ಕೆಲಸ ಕೆಡಿಸದೆ ಇದ್ದರೆ ಸಾಕು ಅನ್ನುವಂಥ ಜವಾಬ್ದಾರಿ. ಗೆದ್ದ ಮೇಲೂ ತಂಡ ಅವರನ್ನು ಉಳಿಸಿಕೊಳ್ಳಲಿಲ್ಲ! ಇದಕ್ಕೆ ತಿರುಗುಮುರುಗು ಡಾನ್ ಮರೀನೊ. ಮಯಾಮಿಗೆ 17 ವರ್ಷ ಆಡಿದರು, ಎಸೆತದಲ್ಲಿ ಅವರ ಕಾಲಕ್ಕೆ ಅವರಿಗೆ ಸಾಟಿ ಇರಲಿಲ್ಲ, ಒಂದೂ ಸೂಪರ್ ಬೌಲ್ ಸಿಗಲಿಲ್ಲ. ಹಾಗಂತ ಮಯಾಮಿಯವರನ್ನು ಕೇಳಿ ನೋಡಿ, ಮರೀನೊ ಹೋದ ಮೇಲೆ ಎಷ್ಟು ಜನರನ್ನು ಆ ಜಾಗದಲ್ಲಿ ನಿಲ್ಲಿಸಿ ನೋಡಿದ್ದಾರೆ ಅಂತ.

ಡಿಫೆನ್ಸ್ ನಂಬಿ ಒಂದು ವರ್ಷ ಗೆಲ್ಲಬಹುದು. ಅಲ್ಲಿ 11 ಜನ ಒಟ್ಟಿಗೆ ಚೆನ್ನಾಗಿರಬೇಕು. ಇಬ್ಬರಿಗೆ ಗಾಯ, ಇಬ್ಬರಿಗೆ ಬೇರೆ ಕಡೆ ಜಾಸ್ತಿ ಸಂಬಳ ಅಂದರೆ ಅರ್ಧ ಕೋಟೆ ಹೋಯಿತು. ಕ್ವಾರ್ಟರ್‌ಬ್ಯಾಕ್ ಒಬ್ಬನೇ, 35 ವರ್ಷ ದಾಟಿದರೂ ಚೆನ್ನಾಗಿ ಆಡಬಲ್ಲ. ತಂಡಗಳು ಅವನ ಹಿಂದೆ ಬೀಳುವುದು ಅದಕ್ಕೆ.

ಪ್ರಶ್ನೆ: ಎಲ್ಲ ಸರಿ ಇದ್ದು, ಗಾಯ ಆದರೆ?
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಆಂಡ್ರ್ಯೂ ಲಕ್. 2012ರ ಮೊದಲ ಆಯ್ಕೆ. ಮ್ಯಾನಿಂಗ್ ಜಾಗಕ್ಕೆ ಇನ್ನು ಹದಿನೈದು ವರ್ಷ ಚಿಂತೆ ಇಲ್ಲ ಅಂತ ಇಂಡಿಯಾನಾಪೊಲಿಸ್ ಕೋಲ್ಟ್ಸ್ ನಿರಾಳವಾಗಿ ಕೂತಿತ್ತು. ಆದರೆ ಅವರನ್ನು ಕಾಯುವ ಲೈನ್ ಗಟ್ಟಿ ಮಾಡುವುದನ್ನು ವರ್ಷಗಟ್ಟಲೆ ಮುಂದೂಡಿದರು. ಹುಡುಗ ಪೆಟ್ಟು ತಿಂದ, ಎದ್ದ, ಮತ್ತೆ ತಿಂದ. 2015ರಲ್ಲಿ ಮೂತ್ರಪಿಂಡಕ್ಕೆ ಪೆಟ್ಟು, ಭುಜದ ನೋವಿನಿಂದ 2017 ಪೂರ್ತಿ ಹೊರಗೆ. 2018ರಲ್ಲಿ ಕೊನೆಗೂ ಒಳ್ಳೆ ಲೈನ್ ಕೊಟ್ಟರು, ಆ ವರ್ಷ ಅದ್ಭುತವಾಗಿ ಆಡಿದರು ಕೂಡ. ಆದರೆ 2019ರ ಆಗಸ್ಟ್‌ನಲ್ಲಿ, 29ನೇ ವಯಸ್ಸಿಗೆ, ಇನ್ನು ನನ್ನಿಂದಾಗದು ಅಂತ ನಿವೃತ್ತಿ ಹೇಳಿಬಿಟ್ಟರು. ಸುದ್ದಿ ಹೊರಬಿದ್ದಾಗ ಕೋಲ್ಟ್ಸ್ ಅಭ್ಯಾಸ ಪಂದ್ಯ ನಡೆಯುತ್ತಿತ್ತು, ಮೈದಾನದಿಂದ ಹೊರಗೆ ನಡೆಯುವಾಗ ಸ್ವಂತ ಊರಿನವರೇ ಛೀಮಾರಿ ಹಾಕಿದರು. ಛೀಮಾರಿ ಬೀಳಬೇಕಾಗಿದ್ದು ಲೈನ್ ಕಟ್ಟದವರಿಗೆ. ಅಲ್ಲಿಂದೀಚೆಗೆ ಆ ತಂಡದಲ್ಲಿ ವರ್ಷಕ್ಕೊಬ್ಬರು ಅನ್ನುವ ಹಾಗೆ ಕ್ವಾರ್ಟರ್‌ಬ್ಯಾಕ್‌ಗಳು ಬಂದು ಹೋಗಿದ್ದಾರೆ.

ಪ್ರಶ್ನೆ: 2028ರ ಒಲಿಂಪಿಕ್ಸ್‌ನಲ್ಲಿ ಈ ಆಟ ಇದೆಯಂತೆ, ಹೌದಾ?
— ಒಬ್ಬ ಓದುಗರು, ಮಂಗಳೂರು

ಉತ್ತರ: ಲಾಸ್ ಏಂಜಲೀಸ್‌ನಲ್ಲಿ ಇರುವುದು ಫ್ಲ್ಯಾಗ್ ಫುಟ್‌ಬಾಲ್. ಒಂದು ಕಡೆಗೆ ಐದೇ ಜನ, ಕೆಡವುವ ಹಾಗಿಲ್ಲ, ಸೊಂಟಕ್ಕೆ ಇಳಿಬಿಟ್ಟ ಪಟ್ಟಿ ಕಿತ್ತರೆ ಕೆಡವಿದ ಹಾಗೆ. ಗಂಡಸರದ್ದು, ಹೆಂಗಸರದ್ದು ಎರಡೂ ಇದೆ. ಕ್ವಾರ್ಟರ್‌ಬ್ಯಾಕ್ ಅಲ್ಲೂ ಇರುತ್ತಾನೆ, ಇರುತ್ತಾಳೆ. ಅಡ್ಡ ನಿಂತು ಕಾಯುವ ಲೈನ್ ಮಾತ್ರ ಇರುವುದಿಲ್ಲ, ಹಾಗಾಗಿ ಬೇಗ ನೋಡಿ ಬೇಗ ಎಸೆಯುವವರಿಗೆ ಅದು ಹೇಳಿ ಮಾಡಿಸಿದ ಆಟ.